ಶ್ರುತಿ ಸೇರುವ ಹೊತ್ತು

ಸಂಗೀತ ಕಛೇರಿಗಳ ಮಾತು ಬಂದಾಗಲೆಲ್ಲ ನಮ್ಮ ರಸಿಕರ ನಡುವೆ ಒಂದು ಕಥೆ ತಪ್ಪದೆ ಹೊರಬೀಳುತ್ತದೆ. ಅಮೆರಿಕದ ದೊಡ್ಡದೊಂದು ಸಭೆಯಲ್ಲಿ ಪಂಡಿತ ರವಿಶಂಕರರು ಸಿತಾರನ್ನು ಶ್ರುತಿ ಮಾಡಿಕೊಳ್ಳುತ್ತಿದ್ದರಂತೆ. ಶ್ರುತಿ ಸೇರಿತು, ಕೈ ನಿಂತಿತು. ಒಡನೆಯೇ ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತಂತೆ. ಪಾಪ, ಅಷ್ಟನ್ನೇ ಅವರು ಸಂಗೀತವೆಂದು ತಿಳಿದಿದ್ದರು! ಈ ಕಥೆಯನ್ನು ನಾನು ಮೊದಲು ಕೇಳಿದ್ದು ನಮ್ಮೂರಿನ ರಾಮೋತ್ಸವದ ಚಪ್ಪರದಲ್ಲಿ. ಹೇಳಿದವರು ಹಿರಿಯರು, ರಾಗಗಳ ನಾಡಿ ಬಲ್ಲವರು. ಎಲ್ಲರೊಡನೆ ನಾನೂ ನಕ್ಕೆ. ನಮಗೆ ಗೊತ್ತಿರುವುದು ಅವರಿಗೆ ಗೊತ್ತಿಲ್ಲವಲ್ಲ ಎಂಬ ಸಣ್ಣದೊಂದು ಸಮಾಧಾನ ಆ ನಗೆಯೊಳಗಿತ್ತು. ಆ ನಗೆಯ ಲೆಕ್ಕವನ್ನು ಇಂದು ತಮ್ಮ ಮುಂದೆ ಒಪ್ಪಿಸಬೇಕೆಂದು ಬಂದಿದ್ದೇನೆ.

ಕಥೆ ಸುಳ್ಳಲ್ಲ. ಅದು ನಡೆದದ್ದು 1971ನೆಯ ಇಸವಿ ಆಗಸ್ಟ್ 1, ಭಾನುವಾರ, ನ್ಯೂಯಾರ್ಕ್ ನಗರದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ. ಹೆಸರಿನಲ್ಲಿ ತೋಟವಿದ್ದರೂ ಅದು ಮುಷ್ಟಿಕಾಳಗಕ್ಕೂ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಗೂ ಹೆಸರಾದ, ಸುಮಾರು 20,000 ಜನ ಕೂರಬಹುದಾದ ಒಳಾಂಗಣ. ಅಂದು ಅಲ್ಲಿ ನಡೆದದ್ದು ಸಿತಾರ್ ಕಛೇರಿಯಲ್ಲ. ರಾಕ್ ಸಂಗೀತದ ಕಛೇರಿ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಏರ್ಪಡಿಸಿದ್ದ ಆ ಕಾರ್ಯಕ್ರಮದ ಹೆಸರು ‘ಬಾಂಗ್ಲಾದೇಶಕ್ಕಾಗಿ ಕಛೇರಿ’. ಮಧ್ಯಾಹ್ನ ಒಂದು, ರಾತ್ರಿ ಒಂದು ಎಂದು ಎರಡು ಪ್ರದರ್ಶನಗಳು. ಕೇಳಿದವರು ಒಟ್ಟು ಸುಮಾರು 40,000 ಮಂದಿ. ಇಂಥ ಸಭೆಯಲ್ಲಿ ಸಿತಾರಿಗೆ ಏನು ಕೆಲಸ, ಆ ಚಪ್ಪಾಳೆಗೆ ಏನು ಅರ್ಥ ಎಂಬುದನ್ನು ತಿಳಿಯಬೇಕಾದರೆ ನಾಲ್ಕಾರು ವರ್ಷ ಹಿಂದಕ್ಕೆ ಹೋಗಬೇಕು.

ರಾಕ್ ಸಂಗೀತವು ಆಗ ತನ್ನ ಕೇಳುಗರನ್ನು ಎಲ್ಲಿ ಕೂರಿಸಬೇಕೆಂದು ತಿಳಿಯದೆ ತಡಕಾಡುತ್ತಿದ್ದ ಕಾಲ. 1965ರ ಆಗಸ್ಟ್ 15ರಂದು ಬೀಟಲ್ಸರು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಹಾಡಿದಾಗ 55,000ಕ್ಕೂ ಹೆಚ್ಚು ಜನ ಸೇರಿದ್ದರು. ಆದರೆ ಹಾಡನ್ನು ಕೇಳಿದವರು ಯಾರು? ಎಳೆಯರ ಕಿರುಚಾಟದಲ್ಲಿ ಹಾಡು ಮುಳುಗಿಹೋಯಿತು. ಹಾಡುವವರಿಗೆ ತಮ್ಮ ದನಿಯೇ ಕೇಳಿಸುತ್ತಿರಲಿಲ್ಲ; ಅವರ ದನಿಯನ್ನು ಅವರಿಗೇ ತಿರುಗಿಸಿ ಕೇಳಿಸುವ ಧ್ವನಿವರ್ಧಕಗಳು ಆಗ ವೇದಿಕೆಯ ಮೇಲೆ ಇರಲಿಲ್ಲ. ತಾಳ ಬಾರಿಸುವವನು ಮುಂದೆ ನಿಂತವರ ಮೈಯ ಓಲಾಟವನ್ನು ನೋಡಿ ಹಾಡು ಎಲ್ಲಿದೆಯೆಂದು ಊಹಿಸಬೇಕಾಗಿತ್ತು. ಕೇಳಿಸದ ಮೇಲೆ ಹಾಡುವುದೇಕೆ? ಮರುವರ್ಷದ ಆಗಸ್ಟಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಕೊನೆಯ ಕಛೇರಿ ಮಾಡಿ ಅವರು ಊರೂರು ತಿರುಗುವುದನ್ನೇ ನಿಲ್ಲಿಸಿಬಿಟ್ಟರು. ಜನಪ್ರಿಯತೆಯೇ ಕಲೆಯ ಬಾಯಿ ಕಟ್ಟಿದ ಇಂಥ ನಿದರ್ಶನ ಅಪರೂಪ.

ರವಿಶಂಕರರಿಗೂ ಈ ಲೋಕದ ಪರಿಚಯವಾಗಿತ್ತು. 1967ರ ಜೂನಿನಲ್ಲಿ ಕ್ಯಾಲಿಫೋರ್ನಿಯದ ಮಾಂಟೆರೆ ಉತ್ಸವದಲ್ಲಿ ಒಂದು ಇಡೀ ಮಧ್ಯಾಹ್ನವನ್ನು ಅವರೊಬ್ಬರಿಗೇ ಮೀಸಲಿಟ್ಟಿದ್ದರು. ಅಲ್ಲಿ ಜನ ಕೇಳಿದರು, ಮನಸಾರೆ ಕೇಳಿದರು. ಆದರೆ ಅದೇ ಉತ್ಸವದಲ್ಲಿ ಜಿಮಿ ಹೆಂಡ್ರಿಕ್ಸ್ ಎಂಬ ಪ್ರತಿಭಾಶಾಲಿ ತನ್ನ ಗಿಟಾರಿಗೆ ಬೆಂಕಿಯಿಟ್ಟದ್ದನ್ನು ಅವರಿಗೆ ಸಹಿಸಲಾಗಲಿಲ್ಲ. ವಾದ್ಯಕ್ಕೆ ಕಾಲು ತಾಗಿದರೂ ಕಣ್ಣಿಗೊತ್ತಿಕೊಳ್ಳುವ ಸಂಪ್ರದಾಯದಲ್ಲಿ ಬೆಳೆದವರು ಅದನ್ನು ಹೇಗೆ ಸಹಿಸಿಯಾರು? ಎರಡು ವರ್ಷಗಳ ತರುವಾಯ, 1969ರ ಆಗಸ್ಟಿನಲ್ಲಿ, ವುಡ್‌ಸ್ಟಾಕಿನ ಮಹಾಮೇಳದಲ್ಲಿ ಅವರು ಮಳೆಯ ನಡುವೆ ನುಡಿಸಿದರು. ಕೆಸರಿನಲ್ಲಿ ಮಿಂದು ಹೊರಳುತ್ತಿದ್ದ ಆ ಲಕ್ಷಾಂತರ ಜನರನ್ನು ಕಂಡು ನಮ್ಮ ನಾಡಿನ ಕೆರೆಗಳಲ್ಲಿ ಬಿದ್ದಿರುವ ಎಮ್ಮೆಗಳು ನೆನಪಾದವೆಂದು ಮುಂದೆ ಅವರೇ ಹೇಳಿಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಆಲ್ಟಮಾಂಟ್ ಎಂಬಲ್ಲಿ ನಡೆದ ಇನ್ನೊಂದು ಮೇಳದಲ್ಲಿ ವೇದಿಕೆಯ ಮುಂದೆಯೇ ಒಬ್ಬ ತರುಣ ಇರಿತಕ್ಕೆ ಬಲಿಯಾದ. ಹೀಗೆ 1971ರ ವೇಳೆಗೆ ರಾಕ್ ಕಛೇರಿಯೆಂದರೆ ಸಂಭ್ರಮದಷ್ಟೇ ಭಯದ ಮಾತೂ ಆಗಿತ್ತು.

ಇತ್ತ ನಮ್ಮ ಪೂರ್ವದ ಗಡಿಯಲ್ಲಿ ನಡೆಯುತ್ತಿದ್ದುದು ಬೇರೆಯೇ ಕಥೆ. 1970ರ ನವೆಂಬರಿನ ಚಂಡಮಾರುತ ಪೂರ್ವ ಬಂಗಾಳದ ಲಕ್ಷಾಂತರ ಜೀವಗಳನ್ನು ಕೊಚ್ಚಿಕೊಂಡು ಹೋಯಿತು. ಆ ಗಾಯ ಆರುವ ಮೊದಲೇ 1971ರ ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಪಾಕಿಸ್ತಾನಿ ಸೈನ್ಯದ ಹತ್ಯಾಕಾಂಡ ಆರಂಭವಾಯಿತು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು ಹೊತ್ತ ಜನ ಗಡಿ ದಾಟಿ ಬರತೊಡಗಿದರು. ವರ್ಷ ಮುಗಿಯುವ ಹೊತ್ತಿಗೆ ಹಾಗೆ ಬಂದವರ ಸಂಖ್ಯೆ ಸುಮಾರು ಒಂದು ಕೋಟಿ. ಮಳೆಗಾಲ, ಬಯಲು ಬಿಡಾರ, ಕಾಲರಾ. ರವಿಶಂಕರರಿಗೆ ಇದು ಪತ್ರಿಕೆಯ ಸುದ್ದಿಯಾಗಿರಲಿಲ್ಲ. ಅವರ ಹಿರಿಯರ ಊರು ಪೂರ್ವ ಬಂಗಾಳದಲ್ಲಿತ್ತು. ಅವರ ಗುರು ಉಸ್ತಾದ್ ಅಲ್ಲಾವುದ್ದೀನ್ ಖಾನರು ಹುಟ್ಟಿದ್ದು, ಗುರುಪುತ್ರ ಅಲಿ ಅಕ್ಬರ್ ಖಾನರು ಹುಟ್ಟಿದ್ದು ಆ ಮಣ್ಣಿನಲ್ಲಿಯೇ. ಆಗ ಲಾಸ್ ಏಂಜಲೀಸಿನಲ್ಲಿದ್ದ ಅವರು ಒಂದು ಕಛೇರಿ ಮಾಡಿ 25,000 ಡಾಲರುಗಳನ್ನಾದರೂ ಕೂಡಿಸಿ ಕಳುಹಿಸಬೇಕೆಂದು ಯೋಚಿಸಿದರು. ಸಿತಾರಿನಲ್ಲಿ ತಮ್ಮ ಶಿಷ್ಯನಾಗಿದ್ದ ಹ್ಯಾರಿಸನ್ನರ ಬಳಿ ಸಂಕಟ ತೋಡಿಕೊಂಡರು. ಗುರುವಿನ ಸಂಕಟವನ್ನು ಶಿಷ್ಯ ತನ್ನದಾಗಿಸಿಕೊಂಡ.

ಮುಂದಿನ ಐದಾರು ವಾರಗಳ ಸಿದ್ಧತೆಯ ವೃತ್ತಾಂತ ಕಛೇರಿಯಷ್ಟೇ ಸ್ವಾರಸ್ಯವಾದದ್ದು. ಹ್ಯಾರಿಸನ್ನರು ದೂರವಾಣಿಯ ಮುಂದೆ ಕುಳಿತು ಗೆಳೆಯರನ್ನು ಒಬ್ಬೊಬ್ಬರನ್ನಾಗಿ ಕರೆದರು. ಹಳೆಯ ಜೊತೆಗಾರ ರಿಂಗೋ ಸ್ಟಾರ್, ಪಿಯಾನೋದ ಲಿಯಾನ್ ರಸೆಲ್, ಆರ್ಗನ್ನಿನ ಬಿಲ್ಲಿ ಪ್ರೆಸ್ಟನ್, ಡ್ರಮ್ಮಿನ ಜಿಮ್ ಕೆಲ್ಟ್ನರ್, ಬೇಸ್ ಗಿಟಾರಿನ ಕ್ಲೌಸ್ ಫೋರ್ಮನ್, ಬ್ಯಾಡ್‌ಫಿಂಗರ್ ತಂಡದ ತರುಣರು ಒಪ್ಪಿದರು. ಯಾರೂ ಸಂಭಾವನೆಯ ಮಾತೆತ್ತಲಿಲ್ಲ. ಜುಲೈ ತಿಂಗಳ ಕೊನೆಯ ವಾರ ನ್ಯೂಯಾರ್ಕಿನಲ್ಲಿ ಅಭ್ಯಾಸ ಮೊದಲಾಯಿತು. ಆದರೆ ಇಬ್ಬರ ವಿಷಯದಲ್ಲಿ ಕೊನೆಯವರೆಗೂ ಅನುಮಾನವೇ. ಗಿಟಾರಿನ ಎರಿಕ್ ಕ್ಲ್ಯಾಪ್ಟನ್ ಆಗ ಮಾದಕ ವಸ್ತುವಿನ ಹಿಡಿತಕ್ಕೆ ಸಿಕ್ಕಿ ಬಳಲುತ್ತಿದ್ದರು, ಅಭ್ಯಾಸಕ್ಕೆ ಬರಲಿಲ್ಲ. ಅವರು ಬಾರದೆ ಹೋದರೆ ಇರಲಿ ಎಂದು ಜೆಸ್ಸಿ ಎಡ್ ಡೇವಿಸ್ ಎಂಬ ಮತ್ತೊಬ್ಬ ವಾದಕರನ್ನು ಸಿದ್ಧಪಡಿಸಲಾಯಿತು. ಎರಡನೆಯವರು ಬಾಬ್ ಡಿಲನ್. ವರ್ಷಗಳಿಂದ ಸಭೆಗಳನ್ನು ಹೆಚ್ಚುಕಡಿಮೆ ತೊರೆದಿದ್ದ ಡಿಲನ್, ಹಿಂದಿನ ದಿನ ಬಂದು ವೇದಿಕೆಯ ಮೇಲಿಂದ ಆ ವಿಶಾಲವಾದ ಒಳಾಂಗಣವನ್ನೂ ಕ್ಯಾಮರಾಗಳನ್ನೂ ನೋಡಿ ಹಿಂಜರಿದರು. ಹ್ಯಾರಿಸನ್ನರು ಅಂದು ತಮ್ಮ ಗಿಟಾರಿಗೆ ಅಂಟಿಸಿಕೊಂಡ ಹಾಡುಗಳ ಪಟ್ಟಿಯಲ್ಲಿ ಡಿಲನ್ ಬರಬೇಕಾದ ಜಾಗದಲ್ಲಿ ‘ಬಾಬ್’ ಎಂದು ಬರೆದು ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟುಕೊಂಡಿದ್ದರು! ಹ್ಯಾರಿಸನ್ನರಿಗಾದರೂ ಧೈರ್ಯವಿತ್ತೇ? ತಂಡದ ಮುಂದೆ ನಿಂತು ಇಡೀ ಕಛೇರಿಯ ಭಾರ ಹೊರುವುದು ಅವರಿಗೆ ಅದೇ ಮೊದಲು.

ಇಲ್ಲಿ ನಮ್ಮ ಕಛೇರಿಗೂ ಅವರ ಕಛೇರಿಗೂ ಇರುವ ಒಂದು ಭೇದವನ್ನು ಗಮನಿಸಬೇಕು. ನಮ್ಮಲ್ಲಿ ಗಾಯಕ, ಪಿಟೀಲು, ಮೃದಂಗ — ಮೂವರೂ ಅದೇ ಸಂಜೆ ಮೊದಲ ಬಾರಿಗೆ ಒಬ್ಬರ ಮುಖವನ್ನೊಬ್ಬರು ನೋಡಿ ಮೂರು ಗಂಟೆ ಹಾಡಿ ಎದ್ದುಹೋಗಬಲ್ಲರು. ಅವರನ್ನು ಬೆಸೆಯುವುದು ಶತಮಾನಗಳ ಶಿಕ್ಷಣ. ನಮ್ಮ ಅಭ್ಯಾಸವೆಲ್ಲ ಮನೆಯಲ್ಲಿ ಮುಗಿದಿರುತ್ತದೆ. ವೇದಿಕೆಯ ಮೇಲೆ ಉಳಿಯುವ ಸಿದ್ಧತೆಯೆಂದರೆ ಶ್ರುತಿ ಸೇರಿಸುವುದೊಂದೇ. ರಾಕ್ ಕಛೇರಿ ಹಾಗಲ್ಲ. ಅಂದು ವೇದಿಕೆಯ ಮೇಲೆ ಇಪ್ಪತ್ತಕ್ಕೂ ಹೆಚ್ಚು ಮಂದಿ; ಎರಡು ಡ್ರಮ್ಮುಗಳು ಒಂದೇ ಏಟಿನಂತೆ ಬೀಳಬೇಕು; ಕಹಳೆಗಳ ಸಾಲು ಸರಿಯಾದ ಕ್ಷಣಕ್ಕೆ ಏಳಬೇಕು; ಹಿಂದೆ ನಿಂತವರ ಮೇಳಗಾನ ಮುಂದಿನ ದನಿಯನ್ನು ನುಂಗಬಾರದು. ಪ್ರತಿಯೊಂದು ದನಿಯೂ ತಂತಿಯಲ್ಲಿ ಹರಿದು, ಯಂತ್ರದಲ್ಲಿ ಹಿಗ್ಗಿ, ಕೊನೆಯ ಸಾಲಿನವನ ಕಿವಿಯನ್ನು ಮುಟ್ಟಬೇಕು. ಆದ್ದರಿಂದಲೇ ಕಛೇರಿಗೆ ಮುನ್ನ ಖಾಲಿ ಸಭಾಂಗಣದಲ್ಲಿ ದನಿಯನ್ನು ಒರೆಗೆ ಹಚ್ಚಿ ನೋಡುವ ಪದ್ಧತಿ ಅವರಲ್ಲಿ ಬೆಳೆಯಿತು. ಸಭೆ ತುಂಬಿದ ಮೇಲೆ ಜನರ ಮೈಯೇ ದನಿಯನ್ನು ಹೀರುತ್ತದೆ. ಆ ಹೀರುವಿಕೆಯನ್ನೂ ಮುಂದಾಗಿ ಲೆಕ್ಕ ಹಾಕಬೇಕು. ಇದೂ ಒಂದು ಬಗೆಯ ಶ್ರುತಿಯೇ ಅಲ್ಲವೇ? ಒಂದು ವಾದ್ಯದ ಬದಲು ಒಂದು ಕಟ್ಟಡವನ್ನೇ ಶ್ರುತಿ ಮಾಡುವುದು!

ಆ ಭಾನುವಾರ ಮಧ್ಯಾಹ್ನ ಹ್ಯಾರಿಸನ್ನರು ಮೊದಲು ಒಬ್ಬರೇ ಬಂದು ಸಭೆಗೆ ಒಂದು ಕೋರಿಕೆಯನ್ನು ಮುಂದಿಟ್ಟರು: ಮೊದಲ ಭಾಗ ಭಾರತೀಯ ಸಂಗೀತ, ಅದು ತಮ್ಮ ಸಂಗೀತಕ್ಕಿಂತ ಗಂಭೀರವಾದದ್ದು, ಸಮಾಧಾನದಿಂದ ಕೇಳಬೇಕು ಎಂದು. ಇದನ್ನು ಸ್ವಲ್ಪ ಯೋಚಿಸಿ ನೋಡಿ. ಆ ಜನ ಹಣ ಕೊಟ್ಟು ಬಂದದ್ದು ಹ್ಯಾರಿಸನ್ನರ ಮುಖ ನೋಡಲು, ಡಿಲನ್ ಬಂದಾರೆಂಬ ಗಾಳಿಮಾತನ್ನು ನಂಬಿ. ಅವರ ಮುಂದೆ ಬಂದು ಕುಳಿತವರು ರವಿಶಂಕರ್, ಸರೋದಿನ ಅಲಿ ಅಕ್ಬರ್ ಖಾನ್, ತಬಲಾದ ಅಲ್ಲಾ ರಖಾ, ತಂಬೂರಿಯ ಕಮಲಾ ಚಕ್ರವರ್ತಿ. ರವಿಶಂಕರರು ತಮ್ಮ ನಾಡಿನ ನೋವಿನ ಕುರಿತು ನಾಲ್ಕು ಮಾತಾಡಿದರು. ನುಡಿಸುವಷ್ಟು ಹೊತ್ತು ಧೂಮಪಾನ ಬೇಡವೆಂದು ಕೇಳಿಕೊಂಡರು. ಆಮೇಲೆ ಶ್ರುತಿ. ಸಿತಾರಿಗೆ ಹತ್ತಿಪ್ಪತ್ತು ತಂತಿಗಳು, ಸರೋದಿಗೂ ಅಷ್ಟೇ. ಅವುಗಳಲ್ಲಿ ಹೆಚ್ಚಿನವು ಕೈ ತಾಗದೆ ತಾವಾಗಿಯೇ ಅನುರಣಿಸುವ ತರಬ್ ತಂತಿಗಳು. ದೀಪಗಳ ಕಾವಿಗೆ ತಂತಿ ಸಡಿಲುತ್ತದೆ. ಸುಮಾರು ಒಂದೂವರೆ ನಿಮಿಷ ಕಿವಿಗಳನ್ನು ತಿರುವಿ, ಮೀಟಿ, ಕೇಳಿ, ಮತ್ತೆ ತಿರುವಿ ನಿಲ್ಲಿಸಿದರು. ಆಗ ಬಂತು ಆ ಪ್ರಸಿದ್ಧ ಚಪ್ಪಾಳೆ. ಶ್ರುತಿ ಮಾಡುವುದೇ ಇಷ್ಟು ಮೆಚ್ಚುಗೆಯಾದರೆ ನುಡಿಸುವುದು ಇನ್ನೂ ಮೆಚ್ಚುಗೆಯಾದೀತು ಎಂಬ ಅರ್ಥದ ಮಾತನ್ನು ಅವರು ನಗುತ್ತಲೇ ಹೇಳಿದರು.

ಈ ಕಛೇರಿಯ ಧ್ವನಿಮುದ್ರಿಕೆ ನನ್ನ ಕೈಗೆ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ, ಗೆಳೆಯರೊಬ್ಬರ ಮನೆಯಲ್ಲಿ. ಮೂರು ತಟ್ಟೆಗಳ ದಪ್ಪ ಪೆಟ್ಟಿಗೆ. ಹೊದಿಕೆಯ ಮೇಲೆ ಬರಿದಾದ ತಟ್ಟೆಯ ಮುಂದೆ ಕುಳಿತ, ಎಲುಬು ಕಾಣುವ ಎಳೆಯ ಮಗು. ಮೊದಲ ತಟ್ಟೆಯ ಮೊದಲ ಮಗ್ಗುಲಲ್ಲೇ ಆ ಚಪ್ಪಾಳೆಯಿತ್ತು. ನಗಲು ಸಿದ್ಧನಾಗಿಯೇ ಕುಳಿತಿದ್ದೆ. ಆದರೆ ನಗೆ ಬರಲಿಲ್ಲ. ಏಕೆಂದರೆ ಕಥೆ ಹೇಳುವವರು ಯಾವಾಗಲೂ ಬಿಟ್ಟುಬಿಡುವ ಒಂದು ಸಂಗತಿಯನ್ನು ನನ್ನ ಕಿವಿ ಹಿಡಿಯಿತು: ಚಪ್ಪಾಳೆಗೆ ಮುಂಚಿನ ಮೌನ. ರಾಕ್ ಕೇಳಲು ಬಂದ ಸಾವಿರಾರು ಎಳೆಯರು, ತಮಗೆ ತಲೆಬುಡ ತಿಳಿಯದ ಆ ಟಿಣಿ ಟಿಣಿ ನಾದವನ್ನು ಇದೇ ಇವರ ಗಂಭೀರವಾದ ಸಂಗೀತವಿರಬೇಕೆಂದು ನಂಬಿ, ಉಸಿರು ಬಿಗಿಹಿಡಿದು ಕೇಳಿದ್ದರು. ಆರು ವರ್ಷಗಳ ಹಿಂದೆ ಅದೇ ನಗರದಲ್ಲಿ ತಮ್ಮ ಮೆಚ್ಚಿನ ಹಾಡನ್ನೇ ಕೇಳಿಸಿಕೊಳ್ಳದೆ ಕಿರುಚಿದ ಪೀಳಿಗೆ ಇದು. ಅವರು ತಪ್ಪಿದ್ದು ತಿಳಿವಳಿಕೆಯಲ್ಲಿ; ಮರ್ಯಾದೆಯಲ್ಲಿ ತಪ್ಪಲಿಲ್ಲ. ತರುವಾಯ ‘ಬಾಂಗ್ಲಾ ಧುನ್’ ಮೊದಲಾಯಿತು. ಸಿತಾರೂ ಸರೋದೂ ಒಂದರ ಮಾತನ್ನೊಂದು ಎತ್ತಿಕೊಳ್ಳುತ್ತ, ಕೊನೆಯಲ್ಲಿ ತಬಲಾದೊಡನೆ ದ್ರುತಗತಿಯಲ್ಲಿ ಓಡುವಾಗ ಸಭೆ ಎದ್ದು ಕೂಗಿತು. ಆ ಕೂಗಿನಲ್ಲಿ ತಪ್ಪು ತಿಳಿವಳಿಕೆಯೇನೂ ಇರಲಿಲ್ಲ.

ಆಗ ನನಗೆ ನಮ್ಮ ರಾಮೋತ್ಸವದ ಚಪ್ಪರ ನೆನಪಾಯಿತು. ವಿದ್ವಾಂಸರು ಪಲ್ಲವಿ ಮುಗಿಸಿ ಮೃದಂಗದವರ ಕಡೆ ತಿರುಗಿ ತನಿ ಆವರ್ತನಕ್ಕೆ ಕೈ ತೋರಿಸುವುದೇ ತಡ, ಕುರ್ಚಿಗಳ ಸದ್ದು ಏಳುತ್ತಿತ್ತು. ರಾಗಗಳ ನಾಡಿ ಬಲ್ಲ ಆ ಹಿರಿಯರು ಕಾಫಿಗೆ ಹೊರಡುತ್ತಿದ್ದರು. ಅವರ ಹಿಂದೆ ನಾನೂ. ಹತ್ತು ವರ್ಷ ಸಾಧನೆ ಮಾಡಿದ ಆ ಕೈಗಳು ಬರಿದಾದ ಕುರ್ಚಿಗಳಿಗೆ ಲೆಕ್ಕಾಚಾರ ಒಪ್ಪಿಸುತ್ತಿದ್ದವು. ಸಂಗೀತವಲ್ಲದ್ದಕ್ಕೆ ಚಪ್ಪಾಳೆ ತಟ್ಟಿದವರು ಅವರು. ಸಂಗೀತದ ನಡುವೆಯೇ ಎದ್ದುಹೋದವರು ನಾವು. ಇವರಲ್ಲಿ ಯಾರನ್ನು ನೋಡಿ ಯಾರು ನಗಬೇಕು?

ಮುಂದಿನ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ. ನಿರಾಶ್ರಿತರ ಪಾಡನ್ನು ತೋರಿಸುವ ಕಿರುಚಿತ್ರವೊಂದು ತೆರೆಯ ಮೇಲೆ ಬಂತು. ಅದಾದ ಮೇಲೆ ಹ್ಯಾರಿಸನ್ನರ ತಂಡ. ಅದುವರೆಗೆ ಬಿಗಿಹಿಡಿದ ಉಸಿರೆಲ್ಲ ಬಿಡುಗಡೆಯಾಯಿತು. ರಿಂಗೋ ಹಾಡುತ್ತ ಹಾಡುತ್ತ ಕೆಲವು ಮಾತುಗಳನ್ನು ಮರೆತರು. ಸಭೆ ಅದಕ್ಕೂ ಹಿಗ್ಗಿತು. ಬಿಲ್ಲಿ ಪ್ರೆಸ್ಟನ್ ಭಕ್ತಿಯ ಹಾಡೊಂದರ ಕೊನೆಗೆ ತಡೆಯಲಾರದೆ ಎದ್ದು ಕುಣಿದುಬಿಟ್ಟರು. ಕ್ಲ್ಯಾಪ್ಟನ್ ಬಂದಿದ್ದರು; ಮೈ ಸೋತಿದ್ದರೂ ಬೆರಳು ಸೋತಿರಲಿಲ್ಲ. ಅಬ್ಬರದ ನಡುವೆ ಒಮ್ಮೆ ಎಲ್ಲ ವಾದ್ಯಗಳೂ ಸುಮ್ಮನಾಗಿ, ಹ್ಯಾರಿಸನ್ ಮತ್ತು ಬ್ಯಾಡ್‌ಫಿಂಗರಿನ ಪೀಟ್ ಹ್ಯಾಮ್ ಎರಡೇ ಸಾದಾ ಗಿಟಾರುಗಳನ್ನು ಹಿಡಿದು ನುಡಿಸಿದರು. ಆಮೇಲೆ ಹ್ಯಾರಿಸನ್ನರು ಪಟ್ಟಿಯ ಆ ಪ್ರಶ್ನಾರ್ಥಕ ಚಿಹ್ನೆಯನ್ನು ನೋಡಿ ಹಿಂದಿರುಗಿ ಕಣ್ಣು ಹಾಯಿಸಿದರು. ಗಿಟಾರು ತೊಟ್ಟು, ಕೊರಳಿಗೆ ಮೌತ್‌ಆರ್ಗನ್ ತೂಗುಹಾಕಿಕೊಂಡು ಡಿಲನ್ ಬರುತ್ತಿದ್ದರು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಹಸಿದ ಮಕ್ಕಳ ಚಿತ್ರವನ್ನು ನೋಡಿದ ಕಣ್ಣು ಇನ್ನೂ ಒಣಗಿರುವುದಿಲ್ಲ, ಅಷ್ಟರಲ್ಲಿ ಕುಣಿತವೇ? ಅನ್ಯರ ಸಂಕಟದ ಹೆಸರಿನಲ್ಲಿ ನಾವು ಸುಖಪಡುವುದು ಸರಿಯೇ? ಈ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿದೆ. ಕರುಣರಸದ ನಾಟಕ ನೋಡಿ ಸಹೃದಯನು ಪಡೆಯುವ ಆನಂದದ ಬಗ್ಗೆ ನಮ್ಮ ಅಲಂಕಾರಿಕರು ಬೇಕಾದಷ್ಟು ಚರ್ಚಿಸಿದ್ದಾರೆ. ಆದರೆ ಅಲ್ಲಿ ಅಳುವವನು ನಟ. ಇಲ್ಲಿ ಅಳುತ್ತಿದ್ದವರು ನಿಜವಾದ ಜನ. ನನಗೆ ತೋಚಿದ ಉತ್ತರ ಇಷ್ಟು: ಸುಖಪಟ್ಟದ್ದು ತಪ್ಪಲ್ಲ, ಸುಖಪಟ್ಟು ಲೆಕ್ಕ ಮರೆತರೆ ತಪ್ಪು. ಅಂದಿನ ಎರಡು ಪ್ರದರ್ಶನಗಳಿಂದ ಬಂದ ಸುಮಾರು 2,43,000 ಡಾಲರುಗಳು ಹನ್ನೆರಡೇ ದಿನಗಳಲ್ಲಿ ಯೂನಿಸೆಫ್ ಸಂಸ್ಥೆಯನ್ನು ಸೇರಿದವು. 25,000ದ ಕನಸು ಹತ್ತುಪಟ್ಟು ಫಲಿಸಿತು.

ಆದರೆ ಲೆಕ್ಕದ ಇನ್ನೊಂದು ಮುಖವನ್ನು ಮುಚ್ಚಿಡಬಾರದು. ಧ್ವನಿಮುದ್ರಿಕೆ ಅಮೆರಿಕದ ಅಂಗಡಿಗಳಿಗೆ ಬಂದದ್ದು 1971ರ ಡಿಸೆಂಬರ್ 20ಕ್ಕೆ. ನಾಲ್ಕು ದಿನ ಹಿಂದೆ ಢಾಕಾದಲ್ಲಿ ಯುದ್ಧ ಮುಗಿದು ಬಾಂಗ್ಲಾದೇಶ ಸ್ವತಂತ್ರವಾಗಿತ್ತು. 1972ರಲ್ಲಿ ಚಲನಚಿತ್ರವೂ ಬಂತು. ಮರುವರ್ಷ ಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಅವುಗಳಿಂದ ಬಂದದ್ದು ಕಛೇರಿಯ ಹಣಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದರೆ ತೆರಿಗೆ ವಿನಾಯಿತಿಗೆ ಮುಂದಾಗಿ ಅರ್ಜಿ ಹಾಕುವುದನ್ನು ಏರ್ಪಾಡು ಮಾಡಿದವರು ಮರೆತಿದ್ದರು. ಅಷ್ಟು ಸಿದ್ಧತೆಯಲ್ಲಿ ಅದೊಂದು ತಂತಿ ಮಾತ್ರ ಶ್ರುತಿ ತಪ್ಪಿತ್ತು! ಹಣದ ಬಹುಭಾಗ ವರ್ಷಗಟ್ಟಲೆ ತೆರಿಗೆಯ ವ್ಯಾಜ್ಯದಲ್ಲಿ ಸಿಕ್ಕಿಕೊಂಡು ತಡವಾಗಿ ಹೋಯಿತು. 1985ರ ವೇಳೆಗೆ ಕಳುಹಿಸಿದ ಮೊತ್ತ ಸುಮಾರು 1 ಕೋಟಿ 20 ಲಕ್ಷ ಡಾಲರು ಎನ್ನುತ್ತಾರೆ. ದೊಡ್ಡ ಮೊತ್ತವೇ ಸರಿ. ಆದರೆ ಹಸಿವಿಗೆ ಕ್ಯಾಲೆಂಡರಿನ ತಾಳ್ಮೆ ಇರುವುದಿಲ್ಲ. ಅದೇ 1985ರ ಜುಲೈಯಲ್ಲಿ ಇಥಿಯೋಪಿಯದ ಕ್ಷಾಮಕ್ಕಾಗಿ ‘ಲೈವ್ ಏಡ್’ ನಡೆದಾಗ, ಹಿಂದಿನವರು ತಪ್ಪಿದ್ದೆಲ್ಲಿ ಎಂಬ ಪಾಠ ಮುಂದಿನವರ ಕಣ್ಣ ಮುಂದಿತ್ತು.

ಆ ದಿನಗಳಲ್ಲಿ ನಾನು ಹೈಸ್ಕೂಲಿನಲ್ಲಿದ್ದೆ. ನ್ಯೂಯಾರ್ಕಿನ ಕಛೇರಿಯ ಸುದ್ದಿ ನಮ್ಮೂರನ್ನು ತಲುಪಿರಲಿಲ್ಲ. ಆದರೆ 1971ರ ನವೆಂಬರ್ 15ರಿಂದ ಕಾಗದಗಳಿಗೆ ಐದು ಪೈಸೆಯ ನಿರಾಶ್ರಿತರ ಪರಿಹಾರದ ಚೀಟಿಯನ್ನು ಹೆಚ್ಚಾಗಿ ಅಂಟಿಸಬೇಕೆಂದು ಕಾನೂನಾಯಿತು. ಅಂಚೆ ಕಚೇರಿಗೆ ಹೋಗಿ ಅದನ್ನು ತರುವುದು ನನ್ನ ಪಾಲಿನ ಕೆಲಸ. ಐದು ಪೈಸೆಗೆ ಕಡಲೆಬೀಜ ಬರುತ್ತಿದ್ದ ಕಾಲ, ನಾನು ಗೊಣಗುತ್ತಿದ್ದೆ. ತಂದೆಯವರು ಏನೂ ಹೇಳದೆ, ಚೀಟಿಯ ಹಿಂಬದಿಗೆ ನೀರು ತಾಗಿಸಿ, ಲಕೋಟೆಯ ಮೂಲೆಗೆ ಸರಿಯಾಗಿ ಕೂರಿಸಿ, ಹೆಬ್ಬೆರಳಿನಿಂದ ಒಂದು ಗಳಿಗೆ ಒತ್ತಿ ಹಿಡಿಯುತ್ತಿದ್ದರು. ಅವರು ಪೂರ್ವ ಬಂಗಾಳವನ್ನು ಕಂಡವರಲ್ಲ, ಆ ಭಾಷೆ ತಿಳಿದವರೂ ಅಲ್ಲ.

ಈಗ ಅಂದಿನ ಆ ನಾಲ್ವರು ವಾದಕರಲ್ಲಿ ರವಿಶಂಕರ್, ಅಲಿ ಅಕ್ಬರ್, ಅಲ್ಲಾ ರಖಾ ಮೂವರೂ ಇಲ್ಲ; ಹ್ಯಾರಿಸನ್ನರೂ 2001ರಲ್ಲಿ ತೀರಿಕೊಂಡರು. ಚಪ್ಪಾಳೆಯ ಕಥೆ ಮಾತ್ರ ಇನ್ನೂ ಓಡಾಡುತ್ತಿದೆ. ಈಚೆಗೆ ಒಂದು ಕಛೇರಿಯ ಮುನ್ನ ಪಕ್ಕದವರೊಬ್ಬರು ಅದನ್ನು ನನಗೆ ಹೇಳಿ ನಗುವನ್ನು ನಿರೀಕ್ಷಿಸಿದರು. ನಾನು, ಅವರು ಒಂದೂವರೆ ನಿಮಿಷ ಸುಮ್ಮನೆ ಕೇಳಿದರಲ್ಲ ಎಂದೆ. ಅಷ್ಟರಲ್ಲಿ ವೇದಿಕೆಯ ಮೇಲೆ ತಂಬೂರಿ ಮೀಟಿದರು. ಪಕ್ಕದವರು ಇನ್ನೇನೋ ಹೇಳಹೊರಟವರು ನಿಲ್ಲಿಸಿದರು. ಶ್ರುತಿ ಸೇರುವವರೆಗೆ ನಾವಿಬ್ಬರೂ ಮಾತಾಡಲಿಲ್ಲ. ಅಂದು ತನಿ ಆವರ್ತನದ ಹೊತ್ತಿಗೆ ಕಾಫಿಗೂ ಏಳಲಿಲ್ಲ.